ಧನ್ಯಾ ಹಾಕದ ಸಹಿ

ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಯಾನಂದರ ಮಗಳು ಪೈಲಟ್ ಎಂದರೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಇವತ್ತಿಗೂ ಒಬ್ಬಿಬ್ಬರು ತಲೆಯೆತ್ತಿ ಆಕಾಶ ನೋಡುತ್ತಾರೆ. ನೋಡಿ ಪ್ರಯೋಜನವಿಲ್ಲ. ಸ್ಕಾಲರ್‌ಶಿಪ್ಪಿನಲ್ಲಿ ಹಾರಾಟ ಕಲಿತು, ಲೈಸೆನ್ಸ್ ಕೈಗೆ ಬಂದು ಮೂರು ವರ್ಷವಾದರೂ ಧನ್ಯಾ, ಅಪ್ಪ ಕೆಲಸ ಮಾಡುವ ಎಸ್ಟೇಟಿನಲ್ಲೇ ಇದ್ದಳು. ಅಲ್ಲಿಯ ಹೋಮ್‌ಸ್ಟೇಗೆ ಬಂದವರನ್ನು ಜೀಪಿನಲ್ಲಿ ದೇವರಮನೆ ಗುಡ್ಡಕ್ಕೆ ಹತ್ತಿಸಿ ಇಳಿಸುತ್ತಿದ್ದಳು.

ವಿಮಾನ ಕಂಪನಿಗಳಲ್ಲಿ ಸೀಟು ಕಡಿಮೆ, ಕಾಯುವವರು ಜಾಸ್ತಿ. ಇರುವ ಸೀಟಿಗೂ ಹೊರದೇಶದ ಪೈಲಟ್‌ಗಳನ್ನು ಕಾಂಟ್ರಾಕ್ಟಿನ ಮೇಲೆ ತಂದು ಕೂರಿಸಿದ್ದಾರೆಂದು ಕೆಲಸವಿಲ್ಲದ ನಮ್ಮ ಪೈಲಟ್‌ಗಳು ಕುದಿಯುತ್ತಿದ್ದರು. ಕುದಿಯದೆ ಇನ್ನೇನು ಮಾಡಿಯಾರು? ಆ ಸಿಟ್ಟಿನವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಧನ್ಯಾಳೂ ಇದ್ದಳು.

ಅಂಥದ್ದರಲ್ಲಿ ಡಿಸೆಂಬರಿನಲ್ಲಿ ಒಂದು ಕಂಪನಿ ಅವಳನ್ನು ಪರೀಕ್ಷೆಗೆ ಕರೆಯಿತು. ನೆಲದ ಮೇಲೇ ಹಾರಾಟ ಮಾಡಿಸುವ ಸಿಮ್ಯುಲೇಟರಿನಲ್ಲಿ ಅವಳ ಪಕ್ಕ ಕೂತವನು ಒಬ್ಬ ವಿದೇಶಿ ಕ್ಯಾಪ್ಟನ್, ತಲೆ ನರೆತವನು. ಪರದೆಯ ತುಂಬ ಮೋಡ. ನಿಗದಿಯ ಎತ್ತರಕ್ಕೆ ಇಳಿದರೂ ರನ್‌ವೇ ಕಾಣಲಿಲ್ಲ. ಕಾಣದಿದ್ದರೆ ವಿಮಾನವನ್ನು ಮತ್ತೆ ಮೇಲಕ್ಕೆ ಒಯ್ಯಬೇಕು. ಕ್ಯಾಪ್ಟನ್ ಮರೆತರೆ ಪಕ್ಕದವರು ಕೂಗಿ ಹೇಳಬೇಕು. ಅವಳು ಹೇಳುತ್ತಾಳೋ ಇಲ್ಲವೋ ನೋಡಲು ಅವನು ಬೇಕೆಂದೇ ಇಳಿಸುತ್ತಲೇ ಹೋದ. "ಓಕೆ?" ಎಂದು ಕೇಳಿದ. "ಓಕೆ ಸರ್," ಎಂದಳು ಧನ್ಯಾ. ಅಲ್ಲಿಗೆ ಮುಗಿಯಿತು. ಫೇಲ್.

ವಿದೇಶಿಯೊಬ್ಬ ಫೇಲ್ ಮಾಡಿದ ಎಂಬಷ್ಟು ಸಿಕ್ಕಿದ್ದೇ ಗುಂಪಿಗೆ ಸಾಕಾಯಿತು. ಜನವರಿಯ ಒಂದು ಮಧ್ಯಾಹ್ನ ಗುಂಪಿನ ಮುಂದಾಳು ಲಿಖಿತ್ ಫೋನ್ ಮಾಡಿದ. ಕಳಸದವನು, ಅವಳ ಜೊತೆಗೇ ಕಲಿತವನು.

"ಅವ್ನು ಬೇಕಂತ್ಲೇ ನಿನ್ನ ದಾರಿ ತಪ್ಪಿಸಿದ್ದು ಮಾರಾಯ್ತಿ. ನಮ್ಮೋರ್ನ ಫೇಲ್ ಮಾಡಿದ್ರೆ ತಾನೆ ಅವ್ರ ಸೀಟು ಉಳಿಯೋದು? ಕಂಪ್ಲೇಂಟ್ ಬರ್ದಿದ್ದೀನಿ. ಸಂಜೆ ಐದರ ಒಳ್ಗೆ ಸಹಿ ಹಾಕಿ ಕಳ್ಸು."

"ಏನಂತ ಬರ್ದಿದ್ದೀಯ?"

"ನೀನು ಎಚ್ಚರಿಸ್ದೆ, ಅವ್ನು ಕೇಳ್ಲಿಲ್ಲ ಅಂತ. ನಲವತ್ತು ಜನ ಕಾಯ್ತಿದ್ದೀವಿ ಧನ್ಯಾ. ನಿನ್ನ ಒಂದು ಸಹಿ ಸಾಕು."

ಅವಳು ಎಚ್ಚರಿಸಿರಲಿಲ್ಲ. ಆದರೆ ಸಹಿ ಹಾಕಿದರೆ ಇನ್ನೊಂದು ಪರೀಕ್ಷೆ ಸಿಗಬಹುದು. ಹಾಕದಿದ್ದರೆ ಆ ನಲವತ್ತು ಜನರ ಪಾಲಿಗೆ ಅವಳು ದ್ರೋಹಿ. ಫೋನ್ ಹಿಡಿದುಕೊಂಡೇ ಕಾಫಿ ಒಣಗಿಸುವ ಕಣದ ಕಡೆ ನಡೆದಳು.

ಕಣದ ತುಂಬ, ಎಸ್ಟೇಟಿನವರು ಪಾರ್ಚ್‌ಮೆಂಟ್ ಎನ್ನುವ, ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ ಹರಡಿತ್ತು. ದೇವರಮನೆ ಕಡೆಯಿಂದ ಅಕಾಲದ ಕರಿಮೋಡ ಏರುತ್ತಿತ್ತು. ಟಾರ್ಪಾಲಿನ ಹತ್ತಿರ ಭಾಗಮ್ಮ ಮತ್ತು ಉಳಿದ ಆಳುಗಳು ಅಪ್ಪನ ಮುಖ ನೋಡುತ್ತ ನಿಂತಿದ್ದರು. ಅಪ್ಪ ಎಸ್ಟೇಟಿನ ಧಣಿ ಚಂದ್ರಶೇಖರರ ಮುಖ ನೋಡುತ್ತಿದ್ದರು.

"ಮುಚ್ಚೋದು ಬೇಡ ರೈಟ್ರೆ. ಗೆಸ್ಟುಗಳು ಫೋಟೊ ತೆಗೀತಿದ್ದಾರೆ. ಇದೇನು ಮಳೆ ಬರೋ ಮೋಡ ಅಲ್ಲ, ಅಲ್ವಾ?" ಎಂದರು ಧಣಿ.

"ಹೌದು ಅಯ್ಯಾ," ಎಂದರು ಅಪ್ಪ.

ಮೂವತ್ತು ವರ್ಷದಿಂದ ಬಂಗಲೆಯ ಮೆಟ್ಟಿಲ ಕೆಳಗೆ ನಿಂತು ಅಪ್ಪ ಹೇಳುತ್ತ ಬಂದದ್ದು ಇದೊಂದೇ ಮಾತು. ಚಿಕ್ಕಂದಿನಿಂದ ಕೇಳಿದ್ದ ಧನ್ಯಾಳಿಗೆ ಇವತ್ತು ಮೈ ಉರಿದುಹೋಯಿತು. ತನ್ನ "ಓಕೆ ಸರ್" ಎಲ್ಲಿಂದ ಬಂದಿತ್ತೆಂದು ಗೊತ್ತಾಯಿತು. ಪಕ್ಕದಲ್ಲಿ ಹಿರಿಯನೊಬ್ಬ ಕೂತು ಕೇಳಿದ್ದ, ಬಾಯಿ ತಾನಾಗಿ ಒಪ್ಪಿಕೊಂಡುಬಿಟ್ಟಿತ್ತು.

"ಭಾಗಕ್ಕ, ಮುಚ್ಚಿ!" ಎಂದು ಕೂಗಿದಳು. "ಅಯ್ಯಾ, ಇದು ಮಳೆ ಮೋಡನೇ. ಈಗ್ಲೇ ಮುಚ್ಬೇಕು." ಟಾರ್ಪಾಲಿನ ತುದಿ ತಾನೇ ಎಳೆದಳು. ಆಳುಗಳು ಕೈಹಾಕಿದರು. ನೋಡನೋಡುತ್ತ ಇಡೀ ಕಣ ಮುಚ್ಚಿತು.

ಮಳೆ ಬರಲಿಲ್ಲ. ಮೋಡ ತಲೆಯ ಮೇಲೇ ಹಾದು ಕುದುರೆಮುಖದ ಕಡೆ ಹೋಯಿತು.

"ಪೈಲಟಮ್ಮ ಭಾರಿ ಹವಾಮಾನ ಹೇಳಿದ್ರು!" ಎಂದು ಚಂದ್ರಶೇಖರರು ನಕ್ಕರು. ನಗುವಿನಲ್ಲಿ ಸಿಟ್ಟಿತ್ತು. "ರೈಟ್ರೆ, ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ."

"ಆಯ್ತು ಅಯ್ಯಾ."

ಎಲ್ಲರೆದುರು ಧನ್ಯಾಳಿಗೆ ಅವಮಾನವಾಯಿತು. ಆದರೂ ಕಂಡದ್ದನ್ನು ಹೇಳಿದ್ದಕ್ಕೆ ಒಂಚೂರೂ ಪಶ್ಚಾತ್ತಾಪವಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಗುಂಪಿಗೆ ಬರೆದಳು: "ಆ ಕ್ಯಾಪ್ಟನ್ ಬೇಕೆಂದೇ ತಪ್ಪು ಮಾಡಿ ನನ್ನನ್ನು ಪರೀಕ್ಷಿಸಿದರು. ತಪ್ಪು ನನಗೆ ಕಂಡಿತ್ತು, ನಾನು ಹೇಳಲಿಲ್ಲ. ಸುಳ್ಳಿಗೆ ಸಹಿ ಹಾಕಲಾರೆ. ನಮ್ಮವರು ಇಷ್ಟು ಜನ ಕಾಯುತ್ತಿರುವಾಗ ಹೊರಗಿನವರ ಕಾಂಟ್ರಾಕ್ಟ್ ಯಾಕೆ ಮುಂದುವರಿಸುತ್ತೀರಿ ಅಂತ ಕಂಪನಿಯನ್ನು ನೇರವಾಗಿ ಕೇಳೋಣ. ಅದಕ್ಕೆ ಮೊದಲ ಸಹಿ ನನ್ನದು."

"ನಿನ್ನಂಥೋರಿಂದ್ಲೇ ನಾವು ಹಿಂಗಿರೋದು," ಎಂದು ಲಿಖಿತ್ ಒಂದೇ ಸಾಲು ಹಾಕಿದ. ಮರುಕ್ಷಣ ಅವಳನ್ನು ಗುಂಪಿನಿಂದ ತೆಗೆದುಹಾಕಿದ.

ಧನ್ಯಾ ಕಣದ ಕಟ್ಟೆಯ ಮೇಲೆ ಕೂತು ಅತ್ತಳು. ಅಪ್ಪ ಬಂದು ಪಕ್ಕದಲ್ಲಿ ಕೂತರು. ಬುದ್ಧಿ ಹೇಳಲು ಬಂದಿದ್ದಾರೆ ಎಂದುಕೊಂಡಳು. ಅವರು ಟಾರ್ಪಾಲಿನ ಮಡಚಿದ ತುದಿಯನ್ನು ಬಿಡಿಸಿ ಸರಿಮಾಡಿದರು.

"ಆ ಮೋಡ ನಂಗೂ ಕಂಡಿತ್ತು ಮಗ," ಎಂದರು. "ಮುಚ್ಬೇಕು ಅಂತ ಗೊತ್ತಿತ್ತು. ಬಾಯಿ ಬರ್ಲಿಲ್ಲ."

"ಗೊತ್ತು ಅಪ್ಪ," ಎಂದಳು ಧನ್ಯಾ. "ಅವತ್ತು ನಂಗೂ ಬರ್ಲಿಲ್ಲ."