ಟೈಪಿಂಗ್ ಟೀಚರ್ ಮತ್ತು ಅರುವತ್ತು ಪುಟ

ಕಳೆದ ವಾರ ಹಳೆಯ ಕಂಪ್ಯೂಟರಿನ ಧೂಳನ್ನು ಪೈಂಟ್ ಬ್ರಷ್ಷಿನಿಂದ ಗುಡಿಸಿ, ಇರುವೆ ಗೂಡು ಕಟ್ಟದಿರಲಿ ಎಂದು ಅದರ ಹಿಂದೆ ಒಂದು ಡಾಂಬರು ಗುಳಿಗೆ ಇಟ್ಟೆ. ಯಂತ್ರ ಬಿಸಿಯಾದಂತೆ ಅದರ ವಾಸನೆ ಎದ್ದಿತು... ನಾನು ಮತ್ತೆ ಗುರುವಾಯನಕೆರೆಯ ಆ ಬಟ್ಟೆ ಅಂಗಡಿಯ ಮೇಲಿನ ಟೈಪಿಂಗ್ ಕ್ಲಾಸಿನಲ್ಲಿದ್ದೆ.

ಟೀಚರಿಗೆ ಆಗ ಐವತ್ತು ದಾಟಿತ್ತು. ಮೂಡುಬಿದಿರೆ ಕಡೆಯ ಜೈನರು. ಟೈಪ್‌ರೈಟರುಗಳನ್ನು ಮಾರಿ, ಬೇರೆಯವರು ಇದು ಸತ್ತಿತು ಎಂದು ಬಿಟ್ಟ ಐದು ಕಂಪ್ಯೂಟರ್ ತಂದು, ಐದಕ್ಕೂ ವಿಂಡೋಸ್ ಬದಲು ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿದ್ದರು. ಮುದಿ ಯಂತ್ರಗಳು ಅದರಲ್ಲಿ ಚೆನ್ನಾಗಿಯೇ ಓಡುತ್ತಿದ್ದವು. ಇರುವೆಗೆಂದು ಒಂದೊಂದರ ಹಿಂದೆಯೂ ಒಂದು ಡಾಂಬರು ಗುಳಿಗೆ. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಹಾಗಾಗಿ ನಾಲ್ಕೂ ಮುಕ್ಕಾಲಿಗೆ ಬಾಗಿಲಿಗೆ ಬೀಗ, ಐದಕ್ಕೆ ಊರಿನ ಬಸ್ಸು.

ಅವರದೊಂದು ಕ್ರಮ ಉಂಟು. ನಮ್ಮ ಕೀಬೋರ್ಡ್ ಅವರು ಮುಟ್ಟುತ್ತಿರಲಿಲ್ಲ. ಸೆರಗಿನೊಳಗೆ ಕೈ ಕಟ್ಟಿ ಹಿಂದೆ ನಿಲ್ಲುತ್ತಿದ್ದರು. "ಏನು ಬರೆದಿದೆ? ಓದು. ಓದದೆ ಒತ್ತಬೇಡ." ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಬೆಳೆದವಳು ನಾನು. ಓದಿ ನೀನೇ ತೀರ್ಮಾನ ಮಾಡು ಎಂದವರು ಅವರೇ ಮೊದಲು.

ಆ ವರ್ಷ ನಮ್ಮ ಬಳಿಯ ಶಾಲೆಯೊಂದರ ಸ್ಮರಣ ಸಂಚಿಕೆ ಟೈಪ್ ಮಾಡುವ ಕೆಲಸ ನನಗೆ ಸಿಕ್ಕಿತು. ಮದುವೆಯಾಗಿ ಹನ್ನೊಂದು ವರ್ಷದ ನಂತರ ಮನೆಯ ಹೊರಗಿನ ಮೊದಲ ಕೆಲಸ. ಅರುವತ್ತು ಪುಟ. ಗಂಡನ ಹಳೆಯ ಲ್ಯಾಪ್‌ಟಾಪಿನಲ್ಲಿ ಅಡುಗೆಯ ನಡುವೆ ಮಾಡಿ ಮುಗಿಸಿದೆ. ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು ಎನ್ನುವಾಗ ಲ್ಯಾಪ್‌ಟಾಪ್ ಏಳಲೇ ಇಲ್ಲ. ಬರೀ ಕಪ್ಪು ಪರದೆ. ರಿಪೇರಿಯವರು, "ಫಾರ್ಮ್ಯಾಟ್ ಮಾಡ್ಬೇಕಕ್ಕಾ, ಒಳಗಿದ್ದದ್ದು ಎಲ್ಲ ಹೋಗ್ತದೆ" ಎಂದರು. ಅತ್ತೆ, "ಇದೆಲ್ಲ ನಿನಗೆ ಯಾಕೆ ಬೇಕಿತ್ತು?" ಎಂದರು. ಆಗುವುದಿಲ್ಲ ಎಂದು ಒಮ್ಮೆ ಹೇಳಿದರೆ ಮತ್ತೆ ಯಾರೂ ನನಗೆ ಕೆಲಸ ಕೊಡುವುದಿಲ್ಲ ಎಂದು ಗೊತ್ತಿತ್ತು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಟೀಚರ ಮೆಟ್ಟಿಲು ಹತ್ತಿದೆ. ಗಂಟೆ ನಾಲ್ಕಾಗಿತ್ತು.

"ಅಳ್ಬೇಡ ಮಾರಾಯ್ತಿ. ನಿನ್ನ ಲ್ಯಾಪ್‌ಟಾಪಿನ ಮುಂಬಾಗಿಲ ಬೀಗ ಕೆಟ್ಟಿದೆ ಅಷ್ಟೆ, ಸಾಮಾನು ಒಳಗೇ ಉಂಟು. ಹಿಂಬಾಗಿಲಿಂದ ಹೋಗುವ."

ಲಿನಕ್ಸ್ ಇರುವ ಪೆನ್‌ಡ್ರೈವ್ ಕೊಟ್ಟರು, ಸೆರಗಿನೊಳಗೆ ಕೈ ಕಟ್ಟಿದರು. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆನ್ ಮಾಡಿದೆ. ಪರದೆಯಲ್ಲಿ ಎರಡು ಆಯ್ಕೆ ಬಂತು: ಇನ್‌ಸ್ಟಾಲ್ ಮಾಡುವುದು, ಇಲ್ಲ ಒಳಗಿನದ್ದನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಸುಮ್ಮನೆ ಓಡಿಸಿ ನೋಡುವುದು. ಬೆರಳು ಮೊದಲನೆಯದರ ಕಡೆಗೆ ಹೋಯಿತು. ಹಿಂದಿನಿಂದ ಒಂದು ಕೆಮ್ಮು. ಓದಿದೆ. ಅದನ್ನು ಒತ್ತಿದ್ದರೆ ಅರುವತ್ತು ಪುಟವೂ ಅಳಿದುಹೋಗಬಹುದಿತ್ತು. ಎರಡನೆಯದನ್ನು ಒತ್ತಿದೆ.

ಫೈಲ್ ಸಿಕ್ಕಿತು, ಆದರೆ ಬಿಚ್ಚಿದರೆ ಒಂದಕ್ಷರ ಕನ್ನಡವಿಲ್ಲ! ಇಂಗ್ಲಿಷ್ ಅಕ್ಷರ, ಸೊಟ್ಟ ಗೆರೆ, ಚುಕ್ಕೆ. ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಹೀಗೇ ಕಾಣುತ್ತದಂತೆ. ಟೀಚರ್ ಅದನ್ನು ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ಬದಲಿಸುವ ಒಂದು ಸಣ್ಣ ತಂತ್ರಾಂಶ ತೋರಿಸಿದರು. ಯಾರೋ ಪುಣ್ಯಾತ್ಮರು ಮಾಡಿ ಎಲ್ಲರಿಗೂ ಬಿಟ್ಟದ್ದು. ಪುಟಗಳು ಒಂದೊಂದಾಗಿ ಕನ್ನಡವಾದವು. ಕೆಲವು ಒತ್ತಕ್ಷರ ಮಾತ್ರ ಸ್ಥಳ ತಪ್ಪಿದ್ದವು. ಹುಡುಕಿ ಬದಲಿಸುವ ಕಿಟಕಿ ತೆರೆದು ಒಂದೊಂದೇ ತಿದ್ದುತ್ತಾ ಹೋದೆ. "ಇಲ್ಲಿ ದೀರ್ಘ ಬಿಟ್ಟಿದ್ದೀಯಲ್ಲ, ಇದಕ್ಕೂ ಕಂಪ್ಯೂಟರನ್ನು ಬೈತೀಯಾ?" ಎಂದು ಅವರು ನಗಾಡುತ್ತಿದ್ದರು.

ಮುಗಿಸಿ, ಎರಡು ಕಡೆ ಪ್ರತಿ ಇಟ್ಟು, ತಲೆ ಎತ್ತುವಾಗ ಬೀದಿಯಲ್ಲಿ ದೀಪ ಹತ್ತಿತ್ತು. ಐದರ ಬಸ್ಸು ಯಾವಾಗಲೋ ಹೋಗಿತ್ತು. ನಾನು ಗಡಿಯಾರ ನೋಡಿಯೇ ಇರಲಿಲ್ಲ. ಅವರು ನೋಡಿದ್ದರು.

ಕೆಳಗೆ ಓಡಿ ಹೋಟೆಲಿನಿಂದ ಬನ್ಸ್, ಚಾ ತಂದೆ.

"ಹೊತ್ತು ಮುಳುಗಿತಲ್ಲ. ನೀನು ತಿನ್ನು."

"ನೀರಾದರೂ, ಟೀಚರ್..."

"ನೀರೂ ಇಲ್ಲ. ನಿನ್ನ ಕಾಗುಣಿತ ತಿದ್ದಿಯೇ ಹೊಟ್ಟೆ ತುಂಬಿತು."

ನಾನೂ ತಿನ್ನಲಿಲ್ಲ. ಏಳರ ಬಸ್ಸಿಗೆ ಅವರನ್ನು ಹತ್ತಿಸಿ ಮನೆಗೆ ನಡೆದೆ.

ಸಂಚಿಕೆ ಅಚ್ಚಾಯಿತು. ಮತ್ತೆ ಕೆಲಸ ಬಂತು, ಇವತ್ತಿಗೂ ಬರುತ್ತದೆ. ಕ್ಲಾಸ್ ಮುಚ್ಚಿದ ಮೇಲೆ ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು... ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳ ಮೇಲೆ, ಬಸ್ಸಿನಲ್ಲಿ ಪಕ್ಕ ಕೂತವರ ಬಾಯಿಂದ. ಒಮ್ಮೆ ಹೋಗಿ ಬರಬಹುದಿತ್ತು. ಎಷ್ಟು ದೂರ ಅದು?

ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ಉತ್ತರ ಕೊಡುವ ಒಂದು ವೇದಿಕೆ ಉಂಟು, ಇಂಟರ್ನೆಟ್ಟಿನಲ್ಲಿ. ಇಷ್ಟು ವರ್ಷ ನಾನು ಅಲ್ಲಿ ಕೇಳುವವಳು ಮಾತ್ರ. ಮೊನ್ನೆ ಯಾರೋ ತನ್ನ ಹಳೆಯ ಕನ್ನಡ ಫೈಲ್ ಎಲ್ಲ ಹಾಳಾಯಿತು, ಅಳಿಸಿಬಿಡುತ್ತೇನೆ ಎಂದು ಬರೆದಿದ್ದರು. ಒಲೆ ಆರಿಸಿ ಬಂದು ಕೂತೆ. ಅಳಿಸಬೇಡಿ, ಎಂದು ಶುರು ಮಾಡಿ ಒಂದೊಂದು ಹೆಜ್ಜೆಯಾಗಿ ಬರೆದೆ. ಸರಿಯಾ ಎಂದು ತೋರಿಸಲು ಯಾರೂ ಇರಲಿಲ್ಲ. ಎರಡು ಸಲ ಓದಿದೆ, ಕಳಿಸಿದೆ.