ಶಿಶಿರನ ಬಾಯಾರಿಕೆ

ಹಿರೇಕೊಡಿಗೆಯ ಶಿಶಿರನಿಗೆ ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆರಡು ಸಲ ಕೊಪ್ಪದಲ್ಲಿ ಡಯಾಲಿಸಿಸ್. ಅಲ್ಲಿಯವರೆಗೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಆದರೆ ಕುಡಿದದ್ದು ಅವನಿಗೆ ನೆನಪಿರುವುದಿಲ್ಲ.

ಶಿಶಿರ ಮೈಕ್ ಸೆಟ್ಟಿನವನು. ಮದುವೆ, ಶಾಲೆಯ ವಾರ್ಷಿಕೋತ್ಸವ, ಏನೇ ಇರಲಿ, ಸ್ಪೀಕರ್ ಬಾಕ್ಸ್ ಹೇರಿಕೊಂಡು ಜೀಪಿನಲ್ಲಿ ಹೊರಡುತ್ತಿದ್ದ. ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ, ಶೃಂಗೇರಿ ಕಡೆಯ ಹೋಂಸ್ಟೇ ಒಂದರಲ್ಲಿ ಹೊರಗಿನವರ ಪಾರ್ಟಿಯಿತ್ತು. ಸುಸ್ತು ಹೋಗುತ್ತದೆ ಎಂದು ಅವರಲ್ಲೊಬ್ಬ ಗುಲಾಬಿ ಬಣ್ಣದ ಮಾತ್ರೆ ಕೊಟ್ಟ. ಇವನು ನುಂಗಿದ. ಮೂರು ಗಂಟೆಯ ಹೊತ್ತಿಗೆ ಮೈ ಕಾದ ಹಂಚಿನಂತಾಗಿ ಫಿಟ್ಸ್ ಬಂತು. ಪಾರ್ಟಿಯವರು ಹೆದರಿ ಕಾರು ಹತ್ತಿ ಹೋದರು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಅಡುಗೆಯ ಗುರುವ.

ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತು ದಿನ. ಅದು ನಶೆಯ ಮಾತ್ರೆ, ಅದರಿಂದ ಮೈ ವಿಪರೀತ ಕಾದು ಕಿಡ್ನಿ ಕೆಟ್ಟಿದೆ, ಮಿದುಳಿಗೂ ಪೆಟ್ಟಾಗಿದೆ ಎಂದು ಡಾಕ್ಟರು ಅಕ್ಕ ಜ್ಯೋತ್ಸ್ನಾಗೆ ಹೇಳಿದರು. ಹಳೆಯದೆಲ್ಲ ಅವನ ತಲೆಯಲ್ಲಿತ್ತು. ಹೊಸದು ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ.

ಅಪ್ಪ ಅಮ್ಮ ಇಲ್ಲದ ಮನೆ. ನರಸಿಂಹರಾಜಪುರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಜ್ಯೋತ್ಸ್ನಾ ಅದನ್ನು ಮುಚ್ಚಿ, ಮಷಿನ್ ಮನೆಗೆ ತಂದಳು. ನೀರು ಕುಡಿದ ಹೊತ್ತನ್ನು ಅವನ ಕೈಯಲ್ಲೇ ಗೋಡೆಗೆ ಬರೆಸಿದಳು. ಅಕ್ಷರ ನನ್ನದೇ, ಆದರೆ ನಾನು ಕುಡಿದಿಲ್ಲ ಎನ್ನುತ್ತಿದ್ದ. ನಾಲಗೆಯೇನೋ ನಿಜಕ್ಕೂ ಒಣಗಿರುತ್ತಿತ್ತು. ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕೊಟ್ಟಿಗೆಯಲ್ಲಿ ದನ ನೀರು ಕುಡಿಯುವ ಬಾನಿಗೆ ಬಾಯಿ ಹಚ್ಚಿದ. ಶ್ವಾಸಕೋಶದಲ್ಲಿ ನೀರು ತುಂಬಿ, ಕೊಪ್ಪ ಮುಟ್ಟುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಹೇಗೋ ಉಳಿದ. ಅವತ್ತಿನಿಂದ ಅವನ ಕೋಣೆಗೆ ಬೀಗ.

ಬಾಗಿಲು ತೆರೆಯದಾಗಲೆಲ್ಲ ಕಿಟಕಿಗೆ ಬಂದು ಕೇಳುತ್ತಾನೆ: "ಅಕ್ಕ, ನನ್ನ ಎಂತಕ್ಕೆ ಕೂಡಿ ಹಾಕಿದ್ದು?"

ಮೊದಮೊದಲು ಅವಳು ಮಾತ್ರೆಯ ವಿಷಯ ಪೂರ್ತಿ ಹೇಳುತ್ತಿದ್ದಳು. ಅವನಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ತಲೆ ಹಿಡಿದು ಕೂತು, ನನ್ನದೇ ತಪ್ಪು ಎಂದು ಅಳುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಒಂದೇ ದಿನ ಆರು ಸಲ ಅತ್ತ ಮೇಲೆ ಅವಳು ಹೇಳುವುದನ್ನೇ ಬಿಟ್ಟಳು.

"ಜ್ವರ ಮಾರಾಯ. ಎರಡು ದಿನ ಒಳಗಿರು," ಎನ್ನುತ್ತಾಳೆ ಈಗ.

ಅವನು ಹಣೆ ಮುಟ್ಟಿ ನೋಡಿಕೊಂಡು ಒಪ್ಪುತ್ತಾನೆ. ಅವಳು ಹೊಲಿಗೆಗೆ ಕೂರುತ್ತಾಳೆ. ತನಗೆ ಬಾಯಾರಿದರೆ ಹಿತ್ತಲಿಗೆ ಹೋಗಿ, ಗೋಡೆಯ ಮರೆಯಲ್ಲಿ ನಿಂತು ಕುಡಿದು ಬರುತ್ತಾಳೆ.