ಹೊಕ್ಕುಳಬಳ್ಳಿಯ ರಕ್ತ

ಮಗಳು ಹುಟ್ಟಿದಾಗ ಅಳಲಿಲ್ಲ. ಬೆಳಗಿನಿಂದ ನೋವು ತಿಂದು ನನಗೂ ಅಳುವ ಶಕ್ತಿ ಉಳಿದಿರಲಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದೆಯೆಂದು ಡಾಕ್ಟರು ಅವಸರದಲ್ಲಿ ಅವಳನ್ನು ಹೊರಗೆಳೆದಿದ್ದರು. ಮಕ್ಕಳ ಡಾಕ್ಟರು ಮೂಲೆಯ ಬೆಚ್ಚಗಿನ ಮೇಜಿಗೆ ಒಯ್ದು ಉಸಿರು ಕೊಡತೊಡಗಿದರು. ಇತ್ತ ನರ್ಸ್, ಕತ್ತರಿಸಿದ ಹೊಕ್ಕುಳಬಳ್ಳಿಯ ತುಂಡಿಗೆ ಎರಡೂ ಕಡೆ ಕ್ಲಿಪ್ ಹಾಕಿ, ಸಣ್ಣ ಸಿರಿಂಜಿನಲ್ಲಿ ರಕ್ತ ಎಳೆಯುತ್ತಿದ್ದಳು.

ನನ್ನ ತಲೆಯ ಬಳಿ ನಿಂತಿದ್ದ ಅತ್ತೆ ಸಿಡುಕಿದರು. ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವ ಅವರ ಗಂಟಲು ಅಲ್ಲಿಯೂ ತಗ್ಗಲಿಲ್ಲ.

“ಹ್ವಾಯ್, ಎಂತ ಮಾಡ್ತ್ರಿ? ಮಗು ಇನ್ನೂ ಮರ್ಕಲಿಲ್ಲ, ಆಗ್ಳೇ ರಕ್ತ ತೆಗುದಾ?”

“ಮಗಿನ್ ಮೈಯಿಂದ ಅಲ್ಲ ಅಮ್ಮ, ಬಳ್ಳಿಯಿಂದ. ಹೊಟ್ಟೆ ಒಳಗಿಪ್ಪತಿಗೆ ಉಸ್ರ್ ಸಾಕಾಯ್ತಾ ಇಲ್ಯಾ ಅಂತ ಇದ್ರಗೆ ಗೊತ್ತಾತ್ತ್.”

ಅಷ್ಟರಲ್ಲಿ ಮೂಲೆಯಿಂದ ಕ್ಷೀಣವಾದ ಅಳು ಕೇಳಿಸಿತು. ಕಣ್ಣು ಮುಚ್ಚಿದೆ. ಸಂತೋಷಪಡುವುದಕ್ಕೂ ಆಯಾಸವಾಗಿತ್ತು.

ಸಂಜೆ ಮಕ್ಕಳ ಡಾಕ್ಟರು ವಾರ್ಡಿಗೆ ಬಂದು ವಿವರಿಸಿದರು. ಉಸಿರು ಸಾಲದಿದ್ದರೆ ರಕ್ತದಲ್ಲಿ ಆಮ್ಲ ಏರುತ್ತದೆ. ಇವಳದ್ದು ಸ್ವಲ್ಪ ಏರಿದೆ, ಹೆದರುವಷ್ಟಲ್ಲ. ಆದರೂ ನಿಗಾ ಘಟಕದಲ್ಲಿಟ್ಟು ನೋಡುತ್ತೇವೆ. ನಾನು ತಲೆಯಾಡಿಸಿದೆ. ಅತ್ತೆ ಬಿಡಲಿಲ್ಲ.

“ಈ ಪರೀಕ್ಷೆ ಮುಂಚೆ ಇತ್ತಾ ಡಾಕ್ಟ್ರೇ? ನನ್ನ ಮೊದಲಿನ್ ಮಗು ಒಂದ್ ದಿನ ಇದ್ದಿತ್ ಅಷ್ಟೇ. ಬಸ್ರಿ ಹೆಂಗ್ಸ್ ಮೀನಿನ್ ಬುಟ್ಟಿ ಹೊತ್ತದ್ದಕ್ಕೇ ಹೋಯ್ತ್ ಅಂದ್ರ್ ಎಲ್ಲ.”

ಆ ಮಗುವಿನ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ಸ್ಟೂಲು ಎಳೆದು ಕುಳಿತರು. “ಈಗ ಹೇಗೆ ಹೇಳಲಿ ಅಮ್ಮ? ಪರೀಕ್ಷೆ ಮಾಡಿದರೂ ಕೆಲವು ಸಲ ಕಾರಣ ಸಿಗುವುದಿಲ್ಲ. ಬುಟ್ಟಿಯಿಂದಲೇ ಅಂತ ಹೇಳಿದರಲ್ಲ, ಅವರಿಗೂ ಏನೂ ಗೊತ್ತಿರಲಿಲ್ಲ.”

ಡಾಕ್ಟರು ಹೋದ ಮೇಲೆ ಅತ್ತೆ ನನ್ನ ಕಾಲಬದಿಯಲ್ಲಿ ಕುಳಿತರು. “ಚೂರ್ ಮಲ್ಕಣಿ” ಎಂದು ಕಾಲು ಮಡಚಿ ಜಾಗ ಮಾಡಿದೆ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದರೇನೋ. ಅಂದು ಸುಮ್ಮನೆ ಒರಗಿದರು. ಆ ಕಿರಿದಾದ ಮಂಚದಲ್ಲಿ ಇಬ್ಬರೂ ನಿದ್ದೆಹೋದೆವು.

ಮಗಳು ನಿಧಾನಕ್ಕೆ ಹಾಲು ಕುಡಿಯಲು ಕಲಿತಳು. ಡಾಕ್ಟರು ಇನ್ನು ಭಯವಿಲ್ಲ ಎಂದ ಮೇಲೆ ತಲ್ಲೂರಿನ ಮನೆಗೆ ಕರೆತಂದೆವು. ಈಗ ಮನೆ ತುಂಬ ಓಡುತ್ತಾಳೆ. ಅವಳ ಹಿಂದೆ ಓಡಿ ಓಡಿ ನನಗೆ ಕೂತಲ್ಲೇ ತೂಕಡಿಕೆ.

ಆ ಇನ್ನೊಂದು ಮಗುವಿನ ಬಗ್ಗೆ ಅತ್ತೆ ಮತ್ತೆ ಮಾತಾಡಿದ್ದು ಒಮ್ಮೆ ಮಾತ್ರ, ಬಂಗುಡೆ ಹೆಚ್ಚುತ್ತ.

“ಅದೂ ಹೆಣ್ಣೇ.”

ಇನ್ನೇನಾದರೂ ಹೇಳಿಯಾರೆಂದು ಕಾದೆ. ಅವರು ಮೀನು ತೊಳೆಯಲು ಎದ್ದರು.